ಪದಚರ್ಚೆ: ‘ರಿಡೀಮ್’ ತೋಟದಲ್ಲೊಂದು, ಗೇಮಲ್ಲೊಂದು. ಹಾಗಾದರೆ ‘ಖರೀದಿ’ ಅಂದರೆ ಏನು?

ಗೆಳೆಯರೇ,

ದುಡ್ಡು ಕೊಟ್ಟರೂ ಪೂರ್ತಿ ನಮ್ಮದಾಗದ ಗೇಮಿಗೆ ‘ಖರೀದಿ’ ಅನ್ನಬಹುದೇ ಅಂತ ಕೇಳಬೇಕಿತ್ತು. ಸ್ವಲ್ಪ ಸುತ್ತಿ ಬಳಸಿ ಬರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆ ಕೊಡಗಿನ ಸಿದ್ದಾಪುರದ ಹತ್ತಿರ, ತೋಟದ ಒಳಗೆ. ಕಳೆದ ಜುಲೈಯಲ್ಲಿ ಮಳೆ ರಜೆ ಸಿಕ್ಕಿತೆಂದು ಅಕ್ಕನ ಮಗ ಬಂದಿದ್ದ. ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋಗಿ ಎರಡು ದಿನವಾಗಿತ್ತು. ಇನ್ವರ್ಟರ್‌ನಲ್ಲಿ ಉಳಿದಿದ್ದ ಚೂರು ಚಾರ್ಜಿನಲ್ಲಿ ಅರ್ಧ ಗಂಟೆ ಗೇಮ್ ಆಡೋಣ ಅಂತ ಕನ್ಸೋಲ್ (ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆ) ಹಾಕಿದೆವು. ಟವರ್‌ಗೂ ಕರೆಂಟ್ ಇಲ್ಲ, ಹಾಗಾಗಿ ನೆಟ್ಟೂ ಇಲ್ಲ. ನೋಡಿದರೆ ಆಟದ ಚಿತ್ರದ ಮೇಲೆ ಪುಟ್ಟದೊಂದು ಬೀಗ. ಒತ್ತಿದರೆ ಲೈಸೆನ್ಸ್ ಪರೀಕ್ಷಿಸಲು ಆಗುತ್ತಿಲ್ಲ ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಒಬ್ಬರೇ ಕೂತು ಆಡುವ ಆಟ ಅದು, ನೆಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಪೂರ್ತಿ ದುಡ್ಡು ಕೊಟ್ಟಿದ್ದೆ. ಅರ್ಧ ತಪ್ಪು ನನ್ನದೂ ಹೌದು. ಹೊಸ ಕನ್ಸೋಲ್ ಬಂದ ಮೇಲೆ ಇದೇ ನನ್ನ ಮುಖ್ಯ ಕನ್ಸೋಲ್ ಅಂತ ಸೆಟಿಂಗ್ ಬದಲಿಸಬೇಕಿತ್ತು, ಮರೆತಿದ್ದೆ. ಬದಲಿಸಿದ್ದರೆ ನೆಟ್ ಇಲ್ಲದೆಯೂ ಆಟ ಓಡುತ್ತಿತ್ತು.

ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

“ದುಡ್ಡು ಕೊಟ್ಟು ತಗೊಂಡದ್ದಲ್ವಾ?”

“ಹೌದು ಮಾವ.”

“ಮತ್ತೆ ಯಾರ ಅಪ್ಪಣೆಗೆ ಕಾಯ್ತಾ ಇದೆ ಅದು?”

ಆಟ ನಮ್ಮದಲ್ಲ, ಆಡುವುದಕ್ಕೆ ಲೈಸೆನ್ಸ್ ಮಾತ್ರ ಕೊಟ್ಟಿರುತ್ತಾರೆ ಅಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, “ಓ, ‘ಅನ್‌ರಿಡೀಮ್ಡ್’ ಅಂತ ಹೇಳು” ಅಂದು ಒಳಗೆ ಹೋದರು.

ಕೊಡಗಿನ ಹೊರಗಿನವರಿಗೆ ಇದು ತಟ್ಟನೆ ತಿಳಿಯಲಿಕ್ಕಿಲ್ಲ. ಇಲ್ಲಿ ಜಮೀನಿನ ಮಾತು ಬಂದರೆ ‘ರಿಡೀಮ್ಡ್’, ‘ಅನ್‌ರಿಡೀಮ್ಡ್’ ಎನ್ನುವ ಪದ ಬಂದೇ ಬರುತ್ತವೆ. ಜಾಗದಲ್ಲಿರುವ ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಮುಗಿಸಿದ್ದರೆ ಅದು ರಿಡೀಮ್ಡ್. ಕಟ್ಟಿಲ್ಲದಿದ್ದರೆ ಅನ್‌ರಿಡೀಮ್ಡ್. ಆಗ ನೆಲ ನಿಮ್ಮ ಹೆಸರಲ್ಲೇ ಇರಬಹುದು, ಕಾಫಿ ನೀವೇ ಕುಯ್ಯಬಹುದು. ಆದರೆ ಅಲ್ಲಿ ತಾನಾಗಿ ಬೆಳೆದು ನಿಂತ ಬೀಟೆ ಮರ ಸರ್ಕಾರದ್ದು. ಅದರ ನೆರಳಲ್ಲಿ ಕೂರಬಹುದು, ಬಳ್ಳಿ ಹಬ್ಬಿಸಿ ಕರಿಮೆಣಸು ತೆಗೆಯಬಹುದು. ಕಡಿದು ಮಾರುವ ಹಾಗಿಲ್ಲ. ಎರಡು ಬೀಟೆ ಮರದ ಲೆಕ್ಕ ಸರಿಮಾಡಿಸಲು ಮಾವ ಎಷ್ಟು ವರ್ಷ ಓಡಾಡಿದರೋ, ಅವರಿಗೆ ಆ ಪದ ನಾಲಿಗೆಯ ತುದಿಯಲ್ಲೇ ಇದೆ.

ತಮಾಷೆ ನೋಡಿ, ಗೇಮ್ ಮಾರುವ ಆನ್‌ಲೈನ್ ಅಂಗಡಿಗಳಲ್ಲೂ ‘ರಿಡೀಮ್’ ಅಂತ ಒಂದು ಬಟನ್ ಇರುತ್ತದೆ. ಕೋಡ್ ಹಾಕುವುದು ಅಲ್ಲೇ. ಸೋನಿಯ ಪ್ಲೇಸ್ಟೇಷನ್ ಕನ್ಸೋಲ್‌ಗಾದರೆ 12 ಅಕ್ಷರ, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗಾದರೆ 25. ತೋಟದಲ್ಲಿ ರಿಡೀಮ್ ಆದರೆ ಮರ ಪೂರ್ತಿ ನಿಮ್ಮದು. ಗೇಮಲ್ಲಿ ರಿಡೀಮ್ ಮಾಡಿದ ಮೇಲೂ ಮಾವನ ಲೆಕ್ಕದಲ್ಲಿ ಅದು ಅನ್‌ರಿಡೀಮ್ಡೇ.

ತೋಟದ ರಿಡೀಮ್‌ಗೆ ಕನ್ನಡದಲ್ಲಿ ‘ಬಿಡಿಸಿಕೊಳ್ಳು’ ಸರಿಹೋಗುತ್ತದೆ ಅಂತ ನನ್ನ ಅನಿಸಿಕೆ. ಅಡವಿಟ್ಟ ಒಡವೆ ಬಿಡಿಸಿಕೊಂಡ ಹಾಗೆ. ಗೇಮಿನದಕ್ಕೆ ಹುಡುಗರು ‘ಕೋಡ್ ಹಾಕು’ ಅನ್ನುತ್ತಾರೆ, ಅಷ್ಟು ಸಾಕು. ನನ್ನ ತೊಡಕು ಇರುವುದು ಇಂಗ್ಲಿಷಿನ ‘ಬೈ’ (Buy) ಬಟನ್‌ನಲ್ಲಿ. ಅದನ್ನು ಕನ್ನಡಕ್ಕೆ ತಂದರೆ ಸಲೀಸಾಗಿ ‘ಖರೀದಿಸಿ’ ಅಂತಲೇ ಬರೆಯುತ್ತೇವೆ. ಅದು ಖರೀದಿಯೇ?

ನಾವು ಚಿಕ್ಕವರಿದ್ದಾಗ ಟಿವಿ ಗೇಮಿನ ಕ್ಯಾಸೆಟ್ ಇರುತ್ತಿತ್ತು. ಹಳದಿ ಬಣ್ಣದ್ದು, ಮೇಲೆ ‘9999 ಇನ್ 1’ ಅಂತ ಸುಳ್ಳು ಬೇರೆ. ಓಡದಿದ್ದರೆ ಬಾಯಲ್ಲಿ ಉಫ್ ಅಂತ ಊದಿ ಮತ್ತೆ ಹಾಕುವುದು. ಬೇಸರವಾದರೆ ಪಕ್ಕದ ಮನೆಯವನಿಗೆ ಕೊಟ್ಟು ಅವನದು ತರುವುದು. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಡಿಸ್ಕ್ ಬಂದ ಮೇಲೂ ಹಾಗೇ ನಡೆಯಿತು. 2013ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ಪ್ರಕಟಿಸಿದಾಗ ಮೊದಲ ದೊಡ್ಡ ಗಲಾಟೆ. 24 ಗಂಟೆಗೊಮ್ಮೆ ನೆಟ್ಟಿಗೆ ಹೋಗಿ ಹಾಜರಿ ಹಾಕಬೇಕು, ಹಳೇ ಡಿಸ್ಕ್ ಕೈಬದಲಿಸುವುದಕ್ಕೂ ಕಟ್ಟುಪಾಡು. ಮುಂದಿನ ತಿಂಗಳೇ ಸೋನಿಯವರು ಒಂದು ಪುಟ್ಟ ವಿಡಿಯೋ ಬಿಟ್ಟರು. ತಮ್ಮ ಪ್ಲೇಸ್ಟೇಷನ್ 4ರ (ಪಿಎಸ್4) ಆಟವನ್ನು ಹಂಚಿಕೊಳ್ಳುವುದು ಹೇಗೆ ಅಂತ. ಒಬ್ಬ ಡಿಸ್ಕ್ ಕೊಡುತ್ತಾನೆ, ಇನ್ನೊಬ್ಬ ‘ಥ್ಯಾಂಕ್ಸ್’ ಅನ್ನುತ್ತಾನೆ. ಮುಗಿಯಿತು! ಅದೇ ಜೂನ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಆ ನಿಯಮಗಳನ್ನು ವಾಪಸ್ ತೆಗೆದುಕೊಂಡಿತು.

ಆದರೆ ಡಿಸ್ಕೇ ಇಲ್ಲದಿದ್ದರೆ ಕೊಡುವುದೇನನ್ನು? ಪಿಎಸ್5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಡಿಸ್ಕ್ ಹಾಕುವಂಥದ್ದಕ್ಕೆ 49,990 ರೂಪಾಯಿ, ಹಾಕಲಾಗದ್ದಕ್ಕೆ 39,990. ಹತ್ತು ಸಾವಿರ ಉಳಿಯಿತು ಅಂತ ಖುಷಿಪಟ್ಟವರಲ್ಲಿ ನಾನೂ ಒಬ್ಬ. ಈಗ ಅನಿಸುತ್ತದೆ, ಆ ಹತ್ತು ಸಾವಿರಕ್ಕೆ ಆಟ ಮಾರುವ, ಎರವಲು ಕೊಡುವ ಹಕ್ಕನ್ನು ಬಿಟ್ಟುಕೊಟ್ಟೆ. ಇನ್ನು 2025ರ ಜೂನ್‌ನಲ್ಲಿ ಬಂದ ನಿಂಟೆಂಡೊ ಕಂಪನಿಯ ಕನ್ಸೋಲ್ ಸ್ವಿಚ್ 2ರ ‘ಗೇಮ್-ಕೀ ಕಾರ್ಡ್’ ಇನ್ನೊಂದು ಬಗೆ. ಕಾರ್ಡ್ ಕೈಗೆ ಸಿಗುತ್ತದೆ, ಮಾರಲೂಬಹುದು, ಆದರೆ ಆಟ ಅದರೊಳಗೆ ಇರುವುದಿಲ್ಲ. ಡೌನ್‌ಲೋಡ್ ಮಾಡಿಕೊಳ್ಳಬೇಕು. ನಮ್ಮೂರ ನೆಟ್ಟಿನಲ್ಲಿ ಅದು ಎರಡು ರಾತ್ರಿಯ ಕೆಲಸ.

ಪದದ ಜಗಳ ಕಾನೂನಿನವರೆಗೂ ಹೋಗಿದೆ. ಕ್ಯಾಲಿಫೋರ್ನಿಯಾದಲ್ಲಿ 2024ರಲ್ಲಿ ಒಂದು ಕಾನೂನು ಮಾಡಿದರು, 2025ರ ಜನವರಿಯಿಂದ ಜಾರಿ. ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದಾದ ಡಿಜಿಟಲ್ ಸರಕಿಗೆ ಸುಮ್ನೆ ‘ಕೊಳ್ಳಿ’ ಅಂತ ಬರೆಯುವ ಹಾಗಿಲ್ಲ, ಇದು ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ಹೇಳಬೇಕು. 2024ರ ಅಕ್ಟೋಬರ್‌ನಲ್ಲೇ ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯವರು ದುಡ್ಡು ಕಟ್ಟುವ ಪುಟದಲ್ಲಿ ಹಾಗೊಂದು ಸಾಲು ಸೇರಿಸಿದರು. ಇದೇನು ಬರೀ ಮಾತಿನ ಆಟವಲ್ಲ. 2014ರಲ್ಲಿ ಬಂದ ‘ದ ಕ್ರೂ’ ಎಂಬ ಕಾರ್ ರೇಸ್ ಗೇಮಿನ ಸರ್ವರ್‌ಗಳನ್ನು ಯೂಬಿಸಾಫ್ಟ್ ಕಂಪನಿ 2024ರ ಮಾರ್ಚ್ 31ಕ್ಕೆ ನಿಲ್ಲಿಸಿತು. ಡಿಸ್ಕ್ ಕಪಾಟಿನಲ್ಲಿ ಇಟ್ಟುಕೊಂಡಿದ್ದವರಿಗೂ ಆಟ ಇಲ್ಲವಾಯಿತು. ಅಲ್ಲಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿತು. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕಿಂತ ಜಾಸ್ತಿ ಸಹಿ ಬಿದ್ದವು.

ಸರಿ, ಕನ್ನಡದಲ್ಲಿ ಇದನ್ನು ಏನನ್ನೋಣ? ‘ಬಾಡಿಗೆ’ ಅನ್ನಲು ಬರುವುದಿಲ್ಲ. ಗೇಮ್ ಪಾಸ್‌ನಂಥ ತಿಂಗಳ ಚಂದಾಕ್ಕೆ ಬಾಡಿಗೆ ಸರಿ, ಅಲ್ಲಿ ಯಾರೂ ಯಾರಿಗೂ ಮೋಸ ಮಾಡುತ್ತಿಲ್ಲ. ‘ಭೋಗ್ಯ’ ಚೆನ್ನಾಗಿ ಕೇಳಿಸುತ್ತದೆ, ಆದರೆ ಮನೆ ಭೋಗ್ಯಕ್ಕೆ ಹಾಕಿಕೊಂಡರೆ ಬಿಡುವಾಗ ದುಡ್ಡು ವಾಪಸ್ ಬರುತ್ತದೆ! ‘ಗುತ್ತಿಗೆ’ಗೆ ಗಡುವು ಇರುತ್ತದೆ. ಮರದ ಮೇಲಿನ ಮೆಣಸನ್ನು ಗುತ್ತಿಗೆಗೆ ಕೊಟ್ಟರೆ ಆ ಒಂದು ಫಸಲಿಗೆ ಮಾತ್ರ ಅಂತ ಇಬ್ಬರಿಗೂ ಗೊತ್ತು. ಗೇಮಲ್ಲಿ ಗಡುವು ಗೊತ್ತಿರುವುದು, ಗೊತ್ತಿದ್ದರೆ, ಕಂಪನಿಯವರಿಗೆ ಮಾತ್ರ. ‘ಪರವಾನಗಿ’ ಅಂದರೆ ಸರ್ಕಾರಿ ಕಾಗದದ ವಾಸನೆ. ‘ಲೈಸೆನ್ಸ್’ ಅಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಕೋವಿ. ಕೊಡವರಿಗೂ ಜಮ್ಮಾ (ಇಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಕೋವಿಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಮನೆಯಲ್ಲಿ ಕೋವಿ ಇಡಲು ಬೇಡದ ಲೈಸೆನ್ಸ್ ಟಿವಿಯಲ್ಲಿ ಕೋವಿ ಹಿಡಿದು ಓಡಲು ಬೇಕು ಅಂತ ಅಕ್ಕನ ಮಗ ನಕ್ಕ.

ನನಗೆ ಮಾವ ಬಾಯಿತಪ್ಪಿ ಆಡಿದ ‘ಅಪ್ಪಣೆ’ಯೇ ಹಿಡಿಸಿದೆ. ಕೊಟ್ಟವರು ಹಿಂದಕ್ಕೆ ಪಡೆಯಬಹುದು ಎನ್ನುವುದು ಆ ಪದದಲ್ಲೇ ಇದೆ. ‘ಖರೀದಿ ಆಟ’, ‘ಅಪ್ಪಣೆ ಆಟ’ ಅಂತ ಎರಡು ಮಾಡಿದರೆ ಓದುವವರಿಗೆ ಒಂದೇ ಏಟಿಗೆ ತಿಳಿಯುತ್ತದೆ. ಕಾಗದಪತ್ರದ ಕನ್ನಡ ಬಲ್ಲವರು ‘ಶುದ್ಧ ಕ್ರಯ’ದ, ಅಂದರೆ ಹಕ್ಕೆಲ್ಲ ಸೇರಿ ಪೂರ್ತಿ ಮಾರುವುದರ, ಮಾತು ತೆಗೆಯಬಹುದು. ಅರ್ಥವೇನೋ ನಿಖರ, ಆದರೆ ಗೇಮ್ ಬಗ್ಗೆ ಬರೆಯುವಾಗ ಯಾರು ಬಳಸುತ್ತಾರೆ ಹೇಳಿ.

ಇದರ ಜೊತೆಗೇ ಇನ್ನೊಂದು. ಗೇಮ್ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಗ್ರಾಹಕಸ್ನೇಹಿ’ ಬೇಡ ಅಂತ ನನ್ನ ಹಟ. ಈ ‘ಸ್ನೇಹಿ’ ಎಲ್ಲದರ ಬಾಲಕ್ಕೂ ಅಂಟಿಕೊಂಡುಬಿಟ್ಟಿದೆ. ಸ್ಟೀಮ್‌ನಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಬಹುತೇಕ ಪಿಎಸ್4 ಡಿಸ್ಕ್‌ಗಳು ಡಿಸ್ಕ್ ಹಾಕುವಂಥ ಪಿಎಸ್5ರಲ್ಲೂ ಓಡುತ್ತವೆ. ಇದಕ್ಕೆ ಸ್ನೇಹ ಯಾಕೆ, ‘ನ್ಯಾಯದ ವ್ಯಾಪಾರ’ ಸಾಲದೇ? ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ತರಕಾರಿ ತೂಗಿದ ಮೇಲೆ ನಾಲ್ಕು ಹಸಿಮೆಣಸು ಜಾಸ್ತಿ ಹಾಕುತ್ತಾರಲ್ಲ, ಆ ಕೊಸರು ಮೊದಲು ಗೇಮಲ್ಲೂ ಇತ್ತು. ಆಟ ಗೆದ್ದರೆ ಹೊಸ ವೇಷ, ಹೊಸ ಕಾರು ಪುಕ್ಕಟೆ. ಈಗ ಅದನ್ನೇ ಬೇರೆ ಕಟ್ಟಿ ಡಿಎಲ್‌ಸಿ ಅಂತ ಮಾರುತ್ತಾರೆ. ಮಾರಿದ ಮೇಲೆ ಅದನ್ನು ಕೊಸರು ಅನ್ನಬಹುದಾ? ನನಗೆ ಮನಸ್ಸು ಬರುತ್ತಿಲ್ಲ.

ನಿಮ್ಮ ಕಡೆ ಏನನ್ನುತ್ತೀರಿ, ತಿಳಿಸಿ. ದುಡ್ಡು ಪೂರ್ತಿ ಕೊಟ್ಟು, ಹಕ್ಕು ಅರ್ಧ ಮಾತ್ರ ಸಿಗುವ ವ್ಯವಹಾರಕ್ಕೆ ಕರಾವಳಿಯಲ್ಲೋ ಬಯಲುಸೀಮೆಯಲ್ಲೋ ಹಳೇ ಪದ ಇದ್ದೀತು. ಕಂದಾಯದ ಹಳೇ ಕನ್ನಡ ಕಾಗದ ಓದಿದವರಿದ್ದರೆ ಇನ್ನೊಂದು: ಅನ್‌ರಿಡೀಮ್ಡ್ ಜಾಗಕ್ಕೆ ಅದರಲ್ಲಿ ಕನ್ನಡದ್ದೇ ಪದ ಕಂಡಿದ್ದೀರಾ? ಮಾವನನ್ನು ಕೇಳಿದೆ. “ಅನ್‌ರಿಡೀಮ್ಡ್ ಅಂದರೆ ಕನ್ನಡವೇ ಅಲ್ವಾ” ಅಂದರು.