ಸಹಾಯ ಬೇಕು: ಕ್ಲಾರಿನೆಟ್ ಕ್ವಿಂಟೆಟ್ ಮಿಕ್ಸ್‌ಗೆ ಕೂರ್ತಾನೇ ಇಲ್ಲ

ಎಲ್ಲರಿಗೂ ನಮಸ್ಕಾರ. ಮೊಝಾರ್ಟ್ 1789ರಲ್ಲಿ ಬರೆದ ಕ್ಲಾರಿನೆಟ್ ಕ್ವಿಂಟೆಟ್ ಗೊತ್ತಲ್ವಾ? ಅದರ ಎರಡನೇ ಭಾಗ, ಲಾರ್ಗೆಟ್ಟೊ, ನನ್ನ ಡಿಜೆ ಮಿಕ್ಸ್‌ನ ಶುರುವಿಗೆ ಬೇಕು. ಅದು ಡಿ ಮೇಜರ್, ಅಂದ್ರೆ ಕ್ಯಾಮೆಲಾಟ್ ಚಕ್ರದಲ್ಲಿ (ಯಾವ ಕೀಗೆ ಯಾವ ಕೀ ಹೊಂದುತ್ತದೆ ಅಂತ ತೋರಿಸೋ ಡಿಜೆ ಚಾರ್ಟ್) 10ಬಿ. ಅದರ ಮೇಲೆ ಬಿ ಮೈನರ್‌ನ (10ಎ) ಒಂದು ಆಂಬಿಯೆಂಟ್ (ಹಿನ್ನೆಲೆಯಲ್ಲಿ ತಣ್ಣಗೆ ಹರಿಯೋ) ಟ್ರ್ಯಾಕ್ ತರೋಣ ಅಂದುಕೊಂಡೆ. ಕಾಗದದ ಮೇಲೆ ಸೊಗಸಾದ ಜೋಡಿ.

ಎರಡನ್ನೂ ಒಟ್ಟಿಗೆ ಬಿಟ್ಟರೆ ಮಾತ್ರ ಕಿವಿ ಹಿಂಡಿದ ಹಾಗಾಗುತ್ತದೆ. ಕ್ಲಾರಿನೆಟ್ ಉದ್ದ ಸ್ವರ ಹಿಡಿದಾಗ ಆ ಟ್ರ್ಯಾಕ್‌ನ ಪ್ಯಾಡ್ (ಎಳೆದು ಹಿಡಿದ ಸಿಂಥ್ ಧ್ವನಿ) ಜೊತೆ ಸೇರಿ ವಂವ್-ವಂವ್ ಅಂತ ಅಲುಗಾಡುತ್ತದೆ. ಆಮೇಲೆ ಗೊತ್ತಾಯಿತು, ಈ ರೆಕಾರ್ಡಿಂಗ್ ಹಳೇ ಕಾಲದ ವಾದ್ಯಗಳದ್ದು, ಶ್ರುತಿ ಈಗಿನ ರೂಢಿಯ 440 ಅಲ್ಲ, 430 ಹರ್ಟ್ಸ್. ಸುಮಾರು 40 ಸೆಂಟ್ ಕೆಳಗೆ (100 ಸೆಂಟ್ ಅಂದ್ರೆ ಅರ್ಧ ಸ್ವರ). ಅರ್ಧ ಸ್ವರವೂ ಅಲ್ಲ, ಸರಿಯಾದ ಸ್ವರವೂ ಅಲ್ಲ! ಸಾಫ್ಟ್‌ವೇರ್ ಒಮ್ಮೆ ಡಿ ಅನ್ನುತ್ತದೆ, ಇನ್ನೊಮ್ಮೆ ಡಿ ಫ್ಲ್ಯಾಟ್.

ವೇಗವನ್ನು 2.3% ಏರಿಸಿದರೆ ಶ್ರುತಿ ಕೂಡುತ್ತದೆ. ಆದರೆ ಆ ನಿಧಾನದ ಉಸಿರು ಹೋಗಿಬಿಡುತ್ತದೆ ಅನ್ನೋದು ನನ್ನ ಅನಿಸಿಕೆ. ವೇಗ ಹಾಗೇ ಇಟ್ಟು ಶ್ರುತಿ ಮಾತ್ರ ಏರಿಸಿದರೆ ಪಿಟೀಲುಗಳು ತಗಡಿನ ಹಾಗೆ ಕೇಳಿಸುತ್ತವೆ. ಅದರ ಬದಲು ಆಂಬಿಯೆಂಟ್ ಟ್ರ್ಯಾಕನ್ನೇ 40 ಸೆಂಟ್ ಇಳಿಸಲಾ? ಯಾರಾದರೂ ಹೀಗೆ ಮಾಡಿದ್ದೀರಾ? ಇಳಿಸಿದರೆ ಮುಂದಿನ ಟ್ರ್ಯಾಕ್‌ಗೆ ಹೋಗುವಾಗ 440ಕ್ಕೆ ವಾಪಸ್ ಬರೋದು ಹೇಗೆ?

ಇನ್ನೊಂದು ತಲೆನೋವು ಟೆಂಪೊ. ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) ಒಮ್ಮೆ 46, ಒಮ್ಮೆ 92 ತೋರಿಸುತ್ತದೆ. ವಾದಕರು ಸಾಲಿನ ಕೊನೆಯಲ್ಲಿ ಸ್ವಲ್ಪ ಎಳೆಯುತ್ತಾರೆ, ಬೀಟ್‌ಗ್ರಿಡ್ (ಸಾಫ್ಟ್‌ವೇರ್ ಬೀಟ್‌ಗಳಿಗೆ ಹಾಕೋ ಗುರುತುಗಳು) ಅಲ್ಲೇ ಜಾರುತ್ತದೆ. ಮೇಲಾಗಿ ಇದು ಮೂರರ ಲೆಕ್ಕ, ನನ್ನ ಟ್ರ್ಯಾಕ್ ನಾಲ್ಕರದ್ದು. ಪ್ರತಿ ಬಾರ್‌ಗೂ ಕೈಯಲ್ಲೇ ಗುರುತು ಹಾಕಬೇಕಾ, ಇಲ್ಲ ಗ್ರಿಡ್ ಬಿಟ್ಟು ಸುಮ್ನೆ ಕಿವಿ ನಂಬಿ ಫೇಡ್ ಮಾಡಲಾ?