ಮಿಯೋರಿತ್ಸಾ ಪಾಠ ಮಕ್ಕಳಿಗೆ ಬೇಡ ಅನ್ನುವ ಮೊದಲು

ರೊಮೇನಿಯಾದ ಶಾಲೆಯಲ್ಲಿ ಮಗನಿಗೆ ಮಿಯೋರಿತ್ಸಾ ಅನ್ನುವ ಜನಪದ ಸಾವಿನ ಹಾಡು ಯಾಕೆ ಕಲಿಸುತ್ತಾರೆ, ಆ ಕುರುಬ ಯಾಕೆ ಸುಮ್ನೆ ಸಾಯೋಕೆ ಒಪ್ಪುತ್ತಾನೆ, ಪಾಠ ತಪ್ಪಿಸಿಬಿಡಲೇ ಅಂತ ಈ ಗುಂಪಿನಲ್ಲಿ ಕೇಳಿದ್ದೀರಲ್ಲ, ನಮ್ಮ ಮನೆಯಲ್ಲೂ ಇದೇ ಚರ್ಚೆ ಆಗಿತ್ತು. ಉತ್ತರ ಸ್ವಲ್ಪ ಉದ್ದ, ಬೇಜಾರು ಮಾಡಿಕೊಳ್ಳಬೇಡಿ.

ಗೊತ್ತಿಲ್ಲದವರಿಗೆ ಕಥೆ ಇಷ್ಟು. ಮೂವರು ಕುರುಬರು. ಒಬ್ಬನ ಹತ್ತಿರ ಕುರಿ ಜಾಸ್ತಿ ಅಂತ ಉಳಿದಿಬ್ಬರು ಅವನನ್ನು ಕೊಲ್ಲಲು ಹೊಂಚು ಹಾಕುತ್ತಾರೆ. ಮುದ್ದಿನ ಕುರಿಮರಿ ಬಂದು ಅವನಿಗೆ ಹೇಳಿಬಿಡುತ್ತದೆ. ಅವನು ದೊಣ್ಣೆ ಹುಡುಕುವುದಿಲ್ಲ. ನಾನು ಸತ್ತರೆ ದೊಡ್ಡಿ ಹತ್ತಿರವೇ ಹೂಳಲಿ, ನನ್ನ ನಾಯಿಗಳ ಸದ್ದು ಕೇಳಬೇಕು, ತಲೆಯ ಬಳಿ ಕೊಳಲು ಇಡಲಿ, ಗಾಳಿ ಬಂದಾಗ ಅದು ನುಡಿಯಲಿ ಅನ್ನುತ್ತಾನೆ. ಕುರಿಗಳಿಗೆ ನಾನು ಸತ್ತೆ ಅನ್ನಬೇಡ, ಮದುವೆಯಾದೆ ಅನ್ನು. ಮದುವೆಯಲ್ಲಿ ನಕ್ಷತ್ರ ಉದುರಿತು, ಫರ್ ಮರಗಳು ನೆಂಟರಾಗಿ ಬಂದವು, ಬೆಟ್ಟಗಳೇ ಪಾದ್ರಿಗಳು.

ಇದು ಕವಿಯ ಕಲ್ಪನೆ ಅಲ್ಲ. ರೊಮೇನಿಯಾದ ಕವಿ ಅಲೆಕ್ಸಾಂದ್ರಿ 1850ರಲ್ಲಿ ಅಚ್ಚು ಹಾಕಿಸುವ ಎಷ್ಟೋ ಮುಂಚಿನಿಂದ ಜನ ಹಾಡುತ್ತಿದ್ದದ್ದು. ಅಲ್ಲಿನ ಹಳ್ಳಿಗಳಲ್ಲಿ ಮದುವೆಯಾಗದೆ ಸತ್ತವರಿಗೆ ಮದುವೆಯ ಬಟ್ಟೆ ಹಾಕಿ ಮಣ್ಣು ಮಾಡುವ ಪದ್ಧತಿ ಇತ್ತು. ಗೋರ್ಜ್, ಹುನೆದೋವಾರ ಜಿಲ್ಲೆಗಳ ಕಡೆ ಹುಡುಗರು ಕಾಡಿಗೆ ಹೋಗಿ ಫರ್ ಮರ ಕಡಿದು ತಂದು, ಸಿಂಗರಿಸಿ, ಅಂಥವರ ಗೋರಿಯ ತಲೆ ಹತ್ತಿರ ನಿಲ್ಲಿಸುತ್ತಾರೆ. ಅದಕ್ಕೂ ಒಂದು ಹಾಡಿದೆ, ಹೆಂಗಸರು ಹಾಡುತ್ತಾರೆ. ಅದರಲ್ಲಿ ಮರವೇ ದೂರುತ್ತದೆ: ಬುಗ್ಗೆಯ ಪಕ್ಕ ನೆಡುತ್ತೇವೆ ಅಂತ ಸುಳ್ಳು ಹೇಳಿ ಕರೆತಂದರು, ಇಲ್ಲಿ ಸತ್ತವನ ಕಾವಲಿಗೆ ನಿಲ್ಲಿಸಿದರು!

ಈಗ ಕುರುಬನ ಹಾಡಿನ ಕೊನೆ ನೋಡಿ. ನನ್ನ ಮುದಿ ತಾಯಿ ಹುಡುಕಿಕೊಂಡು ಬಂದರೆ ಮದುವೆಯಾದ ಅಂತಷ್ಟೇ ಹೇಳು, ನಕ್ಷತ್ರದ ವಿಷಯ, ಫರ್ ಮರದ ವಿಷಯ ಬಾಯಿ ಬಿಡಬೇಡ ಅನ್ನುತ್ತಾನೆ. ಯಾಕೆ? ನಕ್ಷತ್ರ ಉದುರಿದರೆ ಯಾರೋ ಸತ್ತರು ಅನ್ನುವುದು ಅಲ್ಲಿನ ನಂಬಿಕೆ. ಫರ್ ಮರ ಯಾರ ಗೋರಿಗೆ ಅಂತ ಪ್ರತಿ ತಾಯಿಗೂ ಗೊತ್ತು. ಎರಡು ಮಾತು ಕೇಳಿದರೆ ಸಾಕು, ಅವಳಿಗೆ ಎಲ್ಲ ತಿಳಿದುಹೋಗುತ್ತದೆ. ಪದ್ಧತಿ ಗೊತ್ತಿಲ್ಲದೆ ಓದಿದರೆ ಈ ಸಾಲು ದಾಟಿ ಹೋಗುತ್ತದೆ, ನನಗೆ ಇಡೀ ಹಾಡಿನಲ್ಲಿ ಎದೆಗೆ ತಾಗಿದ್ದು ಇದೇ.

ಕುರುಬ ಹೇಡಿಯಾ ಅನ್ನುವ ಪ್ರಶ್ನೆಗೆ ಜನಪದ ಸಂಗೀತದ ಸಂಶೋಧಕ ಬ್ರಾಯ್ಲೊಯು 1946ರಲ್ಲೇ ಉತ್ತರ ಕೊಟ್ಟಿದ್ದಾರೆ. ಇದು ಸಾವಿಗೆ ತಲೆಬಾಗುವ ಹಾಡಲ್ಲ, ಬಾಳದೆ ಹೋದವನ ಆಸೆ ತೀರಿಸಿ ಸಮಾಧಾನ ಮಾಡಿ ಕಳಿಸುವ ಶಾಸ್ತ್ರ ಅಂತ. ಅವನು ಮತ್ತೆ ಬಂದು ಇದ್ದವರನ್ನು ಕಾಡಬಾರದು, ಅಷ್ಟೇ. ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಪ್ರೇತ ಮದುವೆ ನೋಡಿದವರು ಈ ಗುಂಪಿನಲ್ಲೂ ಇರಬಹುದು. ನಮ್ಮ ಕಡೆ ಸತ್ತವರಿಗೆ ಸತ್ತವರನ್ನೇ ಹುಡುಕಿ, ಎಷ್ಟೋ ವರ್ಷ ಆದ ಮೇಲೂ ಮದುವೆ ಮಾಡುತ್ತಾರೆ. ಅಲ್ಲಿ ಮಣ್ಣು ಮಾಡುವ ದಿನವೇ ಮುಗಿಯುತ್ತದೆ.

ಆದ್ದರಿಂದ ಪಾಠ ತಪ್ಪಿಸಬೇಡಿ, ಜೊತೆಗೆ ಕೂತು ಓದಿ. ಪಕ್ಕದ ಮನೆಯವರು ಸತ್ತವರ ಹೆಸರಿನಲ್ಲಿ ಕೊಲಿವ ತಂದರೆ ತೆಗೆದುಕೊಳ್ಳಿ, ಬೇಯಿಸಿದ ಗೋಧಿ, ಸಕ್ಕರೆ, ಅಕ್ರೋಟ್ ಅಷ್ಟೇ, ಮಕ್ಕಳಿಗೆ ಇಷ್ಟವಾಗುತ್ತದೆ. ಹಾಂ, ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾದಾಗ ಟೀಚರಿಗೆ ಹೂ ಕಳಿಸುತ್ತೀರಲ್ಲ, ಎಣಿಸಿ ಕಳಿಸಿ. ಸಮ ಸಂಖ್ಯೆಯ ಹೂ ಅಲ್ಲಿ ಸಾವಿನ ಮನೆಗೆ ಮಾತ್ರ.