ಒಂದೇ ಲಾಟಿನ ಹಲಗೆ: ಹೊರಗೋಡೆಯಲ್ಲಿ ಸರಿ ಇದೆ, ಒಳಗೋಡೆಯಲ್ಲಿ ಸಂದು ಬಿಟ್ಟಿದೆ. ಯಾಕೆ?

ಹೊಸಕೈ:
ಎಲ್ಲರಿಗೂ ನಮಸ್ಕಾರ. ಪೈನ್ ಹಲಗೆ ಒಂದೇ ಲಾಟಿನಲ್ಲಿ ತರಿಸಿ ಅರ್ಧ ಹೊರಗೋಡೆಗೆ, ಅರ್ಧ ಎಸಿ ಇರುವ ಕೋಣೆಯ ಒಳಗೋಡೆಗೆ ನಾನೇ ಕೂರಿಸಿದೆ. ಅಗಲ 140 ಮಿ.ಮೀ., ಟಂಗ್ ಅಂಡ್ ಗ್ರೂವ್ (ಒಂದು ಹಲಗೆಯ ಅಂಚಿನ ನಾಲಿಗೆ, ಅಂದರೆ ಟಂಗ್, ಪಕ್ಕದ ಹಲಗೆಯ ಗಾಡಿಯಲ್ಲಿ ಕೂರುವಂಥದ್ದು). ಎರಡು ತಿಂಗಳಾಯಿತು. ಹೊರಗಿನದು ಹಾಕಿದ ಹಾಗೇ ಇದೆ. ಒಳಗೆ ಪ್ರತಿ ಸಂದೂ 2–3 ಮಿ.ಮೀ. ಬಾಯಿ ಬಿಟ್ಟಿದೆ. ಬಣ್ಣ ತಾಗದ ಟಂಗ್ ಬಿಳಿ ಗೆರೆಯ ಹಾಗೆ ಎದ್ದು ಕಾಣುತ್ತೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಕಟ್ಟಿನ ಮೇಲೆ ‘ಕಿಲ್ನ್ ಡ್ರೈ’ ಅಂತಿತ್ತು. ಒಣಗಿದ ಮರ ಮತ್ತೆ ಕುಗ್ಗೋದು ಹೇಗೆ?

ರಂದ:
ಮರದ ಪುಟ್ಟಿ ತುಂಬಿ, ಉಜ್ಜಿ, ಇನ್ನೊಂದು ಕೋಟ್ ಹೊಡೆಯಿರಿ.

ಮರದೆಳೆ:
ಪುಟ್ಟಿ ಬೇಡ ಸರ್. ಗಾಳಿಯಲ್ಲಿ ತೇವ ಹೆಚ್ಚಿದಾಗ ಹಲಗೆ ಉಬ್ಬಿ ಅದನ್ನು ಹೊರಗೆ ತಳ್ಳುತ್ತೆ, ಒಣಗಿದಾಗ ಮತ್ತೆ ಬಿರುಕು. ಮೊದಲು ತೇವಾಂಶ ಅಳೆಯಿರಿ. ಗೋಡೆಯ ಹಲಗೆ ಎಷ್ಟು, ಮಿಕ್ಕಿದ ತುಂಡು ಎಷ್ಟು? ಗೋಡೆಗೆ ಹೊಡೆಯೋ ಮುಂಚೆ ಹಲಗೆ ಎಲ್ಲಿಟ್ಟಿದ್ದಿರಿ?

ಹೊಸಕೈ:
ಪಿನ್ ಮೀಟರ್ (ಮರಕ್ಕೆ ಎರಡು ಸೂಜಿ ಚುಚ್ಚಿ ತೇವಾಂಶ ಅಳೆಯೋದು) ಸಿಕ್ಕಿತು. ಗೋಡೆಯದು 8%, ಶೆಡ್‌ನಲ್ಲಿ ಮಿಕ್ಕಿರುವುದು 16%. ಹತ್ತು ದಿನ ಶೆಡ್‌ನಲ್ಲೇ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಹೊದಿಸಿದ್ದೆ.

ಮರದೆಳೆ:
ಕಾರಣ ಸಿಕ್ಕಿತು. ‘ಕಿಲ್ನ್ ಡ್ರೈ’ ಅಂದರೆ ಒಲೆಯಲ್ಲಿ ಒಣಗಿಸಿದ್ದು ಅಂತಷ್ಟೇ, ಎಷ್ಟಕ್ಕೆ ಒಣಗಿಸಿದರು ಅನ್ನೋದು ಆ ಪದದಲ್ಲಿಲ್ಲ. ಕೊಳ್ಳುವಾಗ ಕೇಳಬೇಕಾದ್ದು ಅಂಕಿಯನ್ನ. ಮರದಲ್ಲಿರುವ ನೀರಿನ ತೂಕ, ಪೂರ್ತಿ ಒಣಗಿದ ಅದೇ ಮರದ ತೂಕದ ಶೇಕಡಾ ಎಷ್ಟು ಅನ್ನೋದೇ ಆ ಅಂಕಿ.

ಮರ ಸುತ್ತಲಿನ ಗಾಳಿಗೆ ಹೊಂದಿಕೊಳ್ಳುತ್ತಲೇ ಇರುತ್ತೆ. ಗಾಳಿಯ ಆರ್ದ್ರತೆ 80% ಇದ್ದಲ್ಲಿ ಸುಮಾರು 16%ಕ್ಕೆ ನಿಲ್ಲುತ್ತೆ, 50% ಇದ್ದಲ್ಲಿ ಸುಮಾರು 9%ಕ್ಕೆ. ನಿಮ್ಮ ಹಲಗೆ ಹೊರಗಿನ ಗಾಳಿಗೆ ತಕ್ಕದ್ದಾಗಿತ್ತು, ಅದಕ್ಕೇ ಹೊರಗೆ ಅಲುಗಿಲ್ಲ. ಎಸಿ ಕೋಣೆ ಅದರಿಂದ ಇನ್ನೂ 8% ಹೀರಿತು. ಮರ ಕೆಟ್ಟದ್ದಲ್ಲ, ಆ ಜಾಗಕ್ಕೆ ಇನ್ನೂ ತಯಾರಾಗಿರಲಿಲ್ಲ.

ಲೆಕ್ಕ ಹಾಕಿ. ತೇವಾಂಶ ಸುಮಾರು 30%ಕ್ಕಿಂತ ಕೆಳಗಿಳಿದ ಮೇಲೆ ಮರ ಕುಗ್ಗಲು ಶುರು. ಫ್ಲಾಟ್ ಸಾನ್ ಪೈನ್‌ನಲ್ಲಿ, ಅಂದರೆ ಅಗಲದ ಮುಖ ದಿಮ್ಮಿಯ ಉಂಗುರಗಳ ಗುಂಟ ಬರೋ ಹಾಗೆ ಉದ್ದಕ್ಕೆ ಸೀಳಿದ್ದರಲ್ಲಿ, ಪ್ರತಿ 1% ಇಳಿಕೆಗೆ ಅಗಲ ಸುಮಾರು 0.25% ಕಮ್ಮಿ ಅಂದುಕೊಳ್ಳಿ. 140 ಮಿ.ಮೀ. ಹಲಗೆ 16ರಿಂದ 8ಕ್ಕೆ ಇಳಿದರೆ 2.8 ಮಿ.ಮೀ. ಹೋಯಿತು. ನೀವು ಹೇಳಿದ ಸಂದು ಇದೇ! ಇನ್ನು ಹಲಗೆಯ ತುದಿಗಳನ್ನು ನೋಡಿ, ಅಲ್ಲಿ ಸಂದು ಬಿಟ್ಟಿರಲ್ಲ. ಎಳೆಯ ಉದ್ದಕ್ಕೆ ಮರ ಕುಗ್ಗುವುದು ತೀರಾ ಕಮ್ಮಿ.

ಹೊಸಕೈ:
ಹೌದು ಸರ್, ತುದಿಗಳು ಒಂದಕ್ಕೊಂದು ಕಚ್ಚಿಕೊಂಡೇ ಇವೆ. ಈಗೇನು ಮಾಡಲಿ?

ಮರದೆಳೆ:
ಕುಗ್ಗೋದು ನಿಂತಿದೆಯಾ ನೋಡಿ. ವಾರಕ್ಕೊಮ್ಮೆ ಅದೇ ಜಾಗದಲ್ಲಿ ಅಳೆಯಿರಿ, ಪಿನ್ ಎಳೆಯ ಗುಂಟ ಚುಚ್ಚಿ, ಮೀಟರಿನಲ್ಲಿ ಮರದ ಜಾತಿ ಸರಿಯಾಗಿ ಇಟ್ಟುಕೊಳ್ಳಿ. ಎರಡು ಮೂರು ಸಲ ಒಂದೇ ಅಂಕಿ ಬಂದರೆ ಬಿಚ್ಚಿ. ಟಂಗ್‌ಗೂ ಬೆನ್ನಿಗೂ ಬಣ್ಣ ಹಚ್ಚಿ ಮತ್ತೆ ಕೂರಿಸಿ. ಬೆನ್ನು ಬಿಟ್ಟರೆ ಒಂದೇ ಮುಖ ತೇವ ಹೀರಿ ಹಲಗೆ ದೋಣಿಯ ಹಾಗೆ ಬಾಗುತ್ತೆ. ಮೊಳೆ ಒಂದು ಹಲಗೆಗಷ್ಟೇ ಕೂರಲಿ, ಎರಡನ್ನೂ ಸೇರಿಸಿ ಬಡಿದರೆ ಕುಗ್ಗುವಾಗ ಸೀಳುತ್ತೆ. ಗೋಡೆಯ ಎರಡೂ ಕೊನೆಯಲ್ಲಿ 10 ಮಿ.ಮೀ. ಬಿಟ್ಟು ಮೂಲೆಪಟ್ಟಿ ಮುಚ್ಚಿ, ಉಬ್ಬೋ ಕಾಲಕ್ಕೆ ಜಾಗ ಬೇಕು.

ಮುಂದಿನ ಸಲ ಹಲಗೆಯನ್ನು ಹಾಕುವ ಕೋಣೆಯಲ್ಲೇ, ಎಸಿ ದಿನವೂ ನಡೆಯೋ ಹಾಗೇ ನಡೆಸಿ, ನಡುವೆ ರೀಪರ್ (ಸಣ್ಣ ಮರದ ಪಟ್ಟಿ) ಇಟ್ಟು ಪೇರಿಸಿ. ಪ್ಲಾಸ್ಟಿಕ್ ಹೊದಿಸಿದರೆ ಅದು ಹೊಂದಿಕೊಳ್ಳೋದೇ ಇಲ್ಲ. ಎಷ್ಟು ದಿನ ಅಂತ ಎಣಿಸಬೇಡಿ, ಮೀಟರ್ ಹೇಳಲಿ. ಹೊರಗೋಡೆಯನ್ನೂ ಮರೆಯಬೇಡಿ. ಅಲ್ಲಿ 20% ದಾಟಿ ಹಾಗೇ ಉಳಿದರೆ ಕೊಳೆಯುವ ಭಯ, ಹಲಗೆಯ ಹಿಂದೆ ಗಾಳಿ ಆಡೋ ಜಾಗ ಇದೆಯಾ ನೋಡಿ.

ಹೊಸಕೈ:
ಮೂರು ವಾರ 8%ರಲ್ಲೇ ನಿಂತಿತು, ಬಿಚ್ಚಿ ಹಾಕಿದೆ. ಇಪ್ಪತ್ತು ಹಲಗೆ ಒತ್ತಿ ಕೂರಿಸಿದಾಗ ಕೊನೆಯಲ್ಲಿ 55 ಮಿ.ಮೀ. ಖಾಲಿ! ಶೆಡ್‌ನ ತುಂಡು ಸೀಳಿ ಹಾಕೋಣ ಅಂದುಕೊಂಡೆ, ಆದರೆ ಅದು ಇನ್ನೂ 16%. ಈಗ ಕೋಣೆಯಲ್ಲಿ ರೀಪರ್ ಮೇಲಿಟ್ಟಿದ್ದೇನೆ. ಇವತ್ತು 13%.